ಕಡಲ ಬ್ಯಾಕ್ಟೀರಿಯಾ ಪಿಷ್ಟ ಕರಗಿಸುವುದನ್ನು ದಾವಣಗೆರೆಯ ಲ್ಯಾಬಿನಲ್ಲೇ ನೋಡಿ

ಬ್ಯಾಕ್ಟೀರಿಯಾಕ್ಕೆ ಬಾಯಿಲ್ಲ, ಪಿಷ್ಟದಂಥ ದೊಡ್ಡ ಅಣುವನ್ನು ಹೊರಗೇ ಕಿಣ್ವದಿಂದ ತುಂಡರಿಸಿ ಒಳಗೆಳೆಯಬೇಕು. ಇದನ್ನು ನೋಡಲು ಮಲ್ಪೆಯಿಂದ ಸಮುದ್ರದ ನೀರು ತರುವಾಗ ಐಸ್ ಪೆಟ್ಟಿಗೆಯಲ್ಲಿಡಿ, ಹೆಪ್ಪುಗಟ್ಟಿಸಬೇಡಿ.

ಬ್ಯಾಕ್ಟೀರಿಯಾ ಬೆಳೆಸುವ ಆಹಾರಕ್ಕೆ 100 ಮಿ.ಲೀ. ನೀರಿಗೆ ಅಕ್ವೇರಿಯಂನ ಸಮುದ್ರ ಉಪ್ಪು 3.5 ಗ್ರಾಂ, ಪೆಪ್ಟೋನ್ (ತುಂಡರಿಸಿದ ಪ್ರೋಟೀನಿನ ಪುಡಿ) 0.5, ಯೀಸ್ಟ್ ಸಾರ 0.1, ಮೆಕ್ಕೆಜೋಳದ ಪಿಷ್ಟ 1, ಗಟ್ಟಿಯಾಗಿಸುವ ಅಗರ್ ಪುಡಿ 1.5 ಗ್ರಾಂ. ಬರೀ ಅಡುಗೆ ಉಪ್ಪು ಸಾಲದು: ಮೆಗ್ನೀಸಿಯಂ, ಕ್ಯಾಲ್ಸಿಯಂ ಸಿಗದೆ ಹಲವು ಕಡಲ ತಳಿಗಳು ಸೊರಗುತ್ತವೆ. 121 ಡಿಗ್ರಿಯಲ್ಲಿ 15 ನಿಮಿಷ ಆಟೋಕ್ಲೇವ್ ಮಾಡಿ (ಒತ್ತಡದ ಹಬೆಯಲ್ಲಿ ಸೂಕ್ಷ್ಮಜೀವಿಗಳನ್ನು ಕೊಂದು), ತಟ್ಟೆಗೆ ಸುರಿದು, ಗಟ್ಟಿಯಾದ ಮೇಲೆ 0.1 ಮಿ.ಲೀ. ಸಮುದ್ರದ ನೀರು ಹರಡಿ. 25–28 ಡಿಗ್ರಿಯಲ್ಲಿ 2–3 ದಿನ ಬಿಡಿ. ನಮ್ಮೂರ ಏಪ್ರಿಲ್ ಸೆಕೆಗೆ ಹೊರಗಿಟ್ಟರೆ ಕೆಲಸ ಕೆಟ್ಟಂತೆಯೇ.

ಅಯೋಡಿನ್ ಸುರಿದರೆ ತಟ್ಟೆ ಕಡುನೀಲಿಯಾಗುತ್ತದೆ, ಕಿಣ್ವ ಬಿಟ್ಟ ಕಾಲೊನಿಯ (ಬ್ಯಾಕ್ಟೀರಿಯಾ ಗುಂಪಿನ) ಸುತ್ತ ಮಾತ್ರ ತಿಳಿ ಉಂಗುರ. ಬಣ್ಣ ಬೇಗ ಮಾಸುತ್ತದೆ, ಉಂಗುರವನ್ನು ತಕ್ಷಣ ಅಳೆಯಿರಿ. ಅಯೋಡಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುವುದರಿಂದ ಬೇಕಾದ ಕಾಲೊನಿಯನ್ನು ಸುರಿಯುವ ಮೊದಲೇ ಬೇರೆ ತಟ್ಟೆಗೆ ದಾಟಿಸಿಕೊಳ್ಳಿ.