ಸ್ಮಾರಕದ ಪಕ್ಕದ ಹೆಂಚಿನ ಮನೆ: ರಿಪೇರಿಗೆ ಕೈ ಹಾಕುವ ಮುಂಚೆ

ಇಕ್ಕೇರಿಯ ಅಘೋರೇಶ್ವರ ದೇವಸ್ಥಾನವಿರಲಿ, ಬಳ್ಳಿಗಾವಿಯ ಕೇದಾರೇಶ್ವರವಿರಲಿ, ಕೇಂದ್ರ ಪುರಾತತ್ವ ಇಲಾಖೆ ಕಾಯುವ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. 2010ರ ತಿದ್ದುಪಡಿ ಇದನ್ನು ಪ್ರಾಚೀನ ಸ್ಮಾರಕಗಳ ರಕ್ಷಣೆಯ 1958ರ ಕಾಯ್ದೆಯೊಳಗೇ ಸೇರಿಸಿತು.

ಹೆಚ್ಚಿನವರು ತಪ್ಪುವುದು ಅಳತೆಯಲ್ಲಿ. ಟೇಪು ಹಿಡಿಯಬೇಕಾದ್ದು ಗುಡಿಯ ಗೋಡೆಯಿಂದಲ್ಲ, ಸಂರಕ್ಷಿತ ಜಾಗದ ಎಲ್ಲೆಯಿಂದ. ಬೇಲಿಯೇ ಎಲ್ಲೆ ಅಂತಲೂ ನಂಬಬೇಡಿ. ಸರ್ವೆ ನಕ್ಷೆ ನೋಡಿ. ಗುಡಿಯಿಂದ ಅಳೆದು ‘ನಾವು ಹೊರಗಿದ್ದೇವೆ’ ಅಂದುಕೊಂಡ ಮನೆ ಎಷ್ಟೋ ಸಲ ಒಳಗೇ ಇರುತ್ತದೆ.

ನಿಯಂತ್ರಿತ ಪ್ರದೇಶದಲ್ಲಿ ಅನುಮತಿ ಪಡೆದು ಹೊಸದಾಗಿಯೂ ಕಟ್ಟಬಹುದು. 100 ಮೀಟರ್ ಒಳಗೆ ಹೊಸ ಮನೆಯಿಲ್ಲ, ಹೆಚ್ಚುವರಿ ಕೋಣೆಯಿಲ್ಲ, ಮೇಲೊಂದು ಅಂತಸ್ತೂ ಇಲ್ಲ. 1992ರ ಜೂನ್ 16ಕ್ಕೆ ಮುಂಚೆಯೇ ಇದ್ದ ಮನೆಗೆ ರಿಪೇರಿ, ನವೀಕರಣ ಮಾತ್ರ, ಅದೂ ಅನುಮತಿ ಪಡೆದು. ಇ-ಸ್ವತ್ತಿನ ಕಾಗದ ಇವತ್ತಿನ ಮಾಲೀಕರನ್ನು ತೋರಿಸುತ್ತದೆ, ಮನೆಯ ವಯಸ್ಸನ್ನಲ್ಲ. ಹಳೇ ಕಂದಾಯ ರಶೀದಿ, ವಿಭಾಗ ಪತ್ರ, ಕರೆಂಟ್ ಸಂಪರ್ಕದ ದಾಖಲೆ ಹುಡುಕಿಡಿ.

ಅರ್ಜಿ ಹೋಗುವುದು ಸಕ್ಷಮ ಪ್ರಾಧಿಕಾರಕ್ಕೆ, ಅಂದರೆ ಇಂಥ ಅರ್ಜಿ ನೋಡಲು ಸರ್ಕಾರ ಗೊತ್ತುಮಾಡಿದ ಅಧಿಕಾರಿಗೆ. ಅಲ್ಲಿಂದ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸಲು 15 ದಿನ, ಅಲ್ಲಿ 2 ತಿಂಗಳು, ಮರಳಿ ಬಂದ ಮೇಲೆ ಆದೇಶಕ್ಕೆ 1 ತಿಂಗಳು: ಕಾಯ್ದೆಯ ಲೆಕ್ಕದಲ್ಲೇ ಮೂರೂವರೆ ತಿಂಗಳು. ನವೆಂಬರಿನಲ್ಲಿ ಹೆಂಚು ಇಳಿಸಬೇಕೆಂದರೆ ಜುಲೈ ಮೊದಲ ವಾರದೊಳಗೆ ಅರ್ಜಿ ಕೊಡಿ. ‘ಮನೆ ದುರಸ್ತಿ’ ಅಂತ ಒಂದೇ ಸಾಲು ಬರೆಯಬೇಡಿ. ಯಾವ ಗೋಡೆ, ಎಷ್ಟು ಪಕಾಸು (ಮಾಡಿನ ಇಳಿಜಾರಿನ ಮರ), ಎಷ್ಟು ಹೆಂಚು, ಮಾಡಿನ ನೆತ್ತಿ ಈಗ ಎಷ್ಟು ಎತ್ತರ, ನಾಲ್ಕೂ ಕಡೆಯ ಫೋಟೋ — ಎಲ್ಲ ಇರಲಿ. ಅನುಮತಿ ಇಲ್ಲದೆ ಕಟ್ಟಿದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಹೆಂಚು ತೆಗೆದು ಆರ್‌ಸಿಸಿ ಹಾಕುವುದು ರಿಪೇರಿಯಲ್ಲ. ಗೋಡೆಗೂ ಅದು ಕೇಡು: ಒಂದು ಚದರ ಮೀಟರಿಗೆ ಸುಮಾರು 15 ಮಂಗಳೂರು ಹೆಂಚು, ತೂಕ 40 ಕೆಜಿ ಆಸುಪಾಸು, ನಾಲ್ಕಿಂಚಿನ ಸ್ಲ್ಯಾಬು ಅಷ್ಟೇ ಜಾಗಕ್ಕೆ 250 ಕೆಜಿ. ಕೆಸರುಮಣ್ಣಲ್ಲಿ ಕೂರಿಸಿದ ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಗೋಡೆಗೆ ಇಷ್ಟು ಭಾರ ಹೊರಿಸಬಾರದು.

ಸಿಮೆಂಟ್ ಗಿಲಾವೂ ಬೇಡ. ಮಲೆನಾಡಿನ ಮಳೆಗಾಲದಲ್ಲಿ ಗೋಡೆ ಹೀರಿದ ನೀರು ಹೊರಗೆ ಆರಲು ದಾರಿಯಿಲ್ಲದೆ ಒಳಗೇ ನಿಂತು, ಕೆಲವೇ ವರ್ಷದಲ್ಲಿ ಗಿಲಾವು ಹಲಗೆ ಹಲಗೆಯಾಗಿ ಕಳಚುತ್ತದೆ, ಜೊತೆಗೆ ಕಲ್ಲಿನ ಮೈಯನ್ನೂ ಕಿತ್ತುಕೊಂಡು. ಬದಲಿಗೆ ಸುಣ್ಣದ ಗಾರೆ ಬಳಸಿ: ಸುಣ್ಣವನ್ನು ಕನಿಷ್ಠ ಎರಡು ವಾರ ನೀರಲ್ಲಿ ನೆನೆಸಿ, ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಜರಡಿ ಹಿಡಿದ ಮರಳು ಸೇರಿಸಿ. ಸಂದನ್ನು ಒಂದಿಂಚು ಕೆರೆದು, ಗೋಡೆ ಒದ್ದೆ ಮಾಡಿ, ಒಂದು ಸಲಕ್ಕೆ ಅರ್ಧ ಇಂಚಿಗಿಂತ ದಪ್ಪ ಬಳಿಯದೆ, ಹತ್ತು ದಿನ ಒದ್ದೆ ಗೋಣಿ ಹೊದಿಸಿ. ದಪ್ಪ ಬಳಿದರೆ ಒಣಗುವಾಗ ಕುಗ್ಗಿ ಬಿರುಕು ಬಿಡುತ್ತದೆ.

ತೊಲೆಯಲ್ಲಿ ಮೊದಲು ಕೊಳೆಯುವುದು ಗೋಡೆಯೊಳಗಿನ ತುದಿ. ಅಲ್ಲಿ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಅರ್ಧ ಇಂಚು ಸಲೀಸಾಗಿ ಇಳಿದರೆ ಒರಲೆಯೋ ಕೊಳೆಯೋ ಹಿಡಿದಿದೆ. ಆ ತುದಿ ಕತ್ತರಿಸಿ ಹೊಸದು ಜೋಡಿಸಿದರೆ, ಅದರ ಸುತ್ತ ಗಾಳಿಯಾಡಲು ಬೆರಳಗಲ ಸಂದು ಬಿಡಿ.

ಬೇರೆ ಬೇರೆ ಕಂಪನಿಯ ಹೆಂಚಿನ ಹಲ್ಲು ಒಂದಕ್ಕೊಂದು ಕೂರುವುದಿಲ್ಲ. ಗಟ್ಟಿ ಉಳಿದ ಹಳೇ ಹೆಂಚನ್ನೆಲ್ಲ ಬೀದಿ ಕಡೆಯ ಮಾಡಿಗೆ ಕೂಡಿಸಿ, ಹೊಸದನ್ನು ಪೂರ್ತಿ ಹಿತ್ತಲ ಕಡೆಗೆ ಹಾಕಿ. ರೀಪಿನ (ಹೆಂಚು ಕೂರುವ ಅಡ್ಡಪಟ್ಟಿಯ) ಅಂತರವನ್ನು ಆಯಾ ಹೆಂಚನ್ನೇ ಇಟ್ಟು ಗುರುತು ಮಾಡಿ ಮೊಳೆ ಹೊಡೆಯಿರಿ.