ಅಂಕಿ ಬರಹದಲ್ಲಿ, ತಾರೀಕು ಬಾಯಲ್ಲಿ: ಸಚಿವರಿಗೆ ಪ್ರಶ್ನೆ ಬರೆಯುವ ಕೆಲಸದ ನನ್ನ ಅನುಭವ

ಮಂಡ್ಯ ಜಿಲ್ಲೆಯ ವಿರೋಧ ಪಕ್ಷದ ಶಾಸಕರೊಬ್ಬರಿಗೆ ವಿಧಾನಸಭೆಯ ಪ್ರಶ್ನೆಗಳನ್ನು ಸಿದ್ಧಪಡಿಸಿಕೊಡುವುದು ನನ್ನ ಕೆಲಸ. ಕಬ್ಬಿನ ಬಾಕಿ, ನಾಲೆ ನೀರು, ಇವೆರಡೇ ನಮ್ಮ ಫೈಲಿನ ಮುಕ್ಕಾಲು ಪಾಲು. ಈ ಕೆಲಸದಲ್ಲಿ ನಾನು ಪಾಲಿಸುವ ಕ್ರಮ ಒಂದೇ: ಅಂಕಿಯನ್ನು ಬರಹದಲ್ಲಿ ತರಿಸಬೇಕು, ತಾರೀಕನ್ನು ಸಚಿವರ ಬಾಯಲ್ಲೇ ಹೇಳಿಸಬೇಕು. ಎರಡನ್ನೂ ಒಂದೇ ಪ್ರಶ್ನೆಗೆ ತುರುಕಿದರೆ ಎರಡೂ ಸಿಗುವುದಿಲ್ಲ.

ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಎದ್ದು ನಿಂತು ಉತ್ತರಿಸಬೇಕು, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ ಮಾತ್ರ. ಹೊಸದಾಗಿ ಗೆದ್ದು ಬಂದವರು ಎಲ್ಲವನ್ನೂ ಚುಕ್ಕೆ ಗುರುತಿಗೇ ಹಾಕಿ ಎನ್ನುತ್ತಾರೆ. 224 ಜನರ ಸದನದಲ್ಲಿ ಮೊದಲು ಬ್ಯಾಲೆಟ್‌ನಲ್ಲಿ, ಅಂದರೆ ಚೀಟಿ ಎತ್ತುವಾಗ, ಹೆಸರು ಬರಬೇಕು, ಬಂದರೂ ಪಟ್ಟಿಯಲ್ಲಿ ಮೇಲಿರಬೇಕು, ಅವತ್ತು ಪ್ರಶ್ನೋತ್ತರ ಕಲಾಪ ನಡೆಯಬೇಕು. ನಮ್ಮ ಪಕ್ಷದವರೇ ಬೇರೆ ವಿಷಯಕ್ಕೆ ಸಭಾಧ್ಯಕ್ಷರ ಪೀಠದ ಮುಂದಿನ ಬಾವಿಗಿಳಿದು ಧರಣಿ ಕೂತರೆ ನಮ್ಮ ಪ್ರಶ್ನೆಯೂ ಅದರ ಜೊತೆ ಹೋಯಿತು. ಉತ್ತರ ಮಂಡಿಸಲಾಗಿದೆ ಎಂದು ಬರೆದುಕೊಳ್ಳುತ್ತಾರೆ, ಉಪಪ್ರಶ್ನೆಗೆ ಅವಕಾಶವೇ ಇರುವುದಿಲ್ಲ. ಆದ್ದರಿಂದ ಅಂಕಿ-ಅಂಶವೆಲ್ಲ ಚುಕ್ಕೆ ಗುರುತಿಲ್ಲದ ಪ್ರಶ್ನೆಯಲ್ಲಿ ಹೋಗಲಿ. ಸಚಿವರಿಂದ ಭರವಸೆ ಪಡೆಯಬೇಕಾದ ಒಂದೇ ಒಂದು ವಿಷಯವನ್ನು ಚುಕ್ಕೆ ಗುರುತಿಗೆ ಇಟ್ಟುಕೊಳ್ಳಿ. ಯಾವ ಇಲಾಖೆಗೆ ಯಾವ ದಿನ, ಸೂಚನೆ ಕೊಡಲು ಕೊನೆಯ ದಿನ ಯಾವುದು ಎಂಬುದು ವಿಧಾನಸಭೆ ಸಚಿವಾಲಯದ ಲಘು ಪ್ರಕಟಣೆಯಲ್ಲಿ (ಬುಲೆಟಿನ್) ಬರುತ್ತದೆ. ಅದು ಕೈಗೆ ಬಂದ ದಿನವೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ.

ಈಗ ಪ್ರಶ್ನೆಯ ಒಕ್ಕಣೆ. ಹೆಚ್ಚಿನವರು ಬರೆಯುವುದು ಹೀಗೆ: "ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರರಿಗೆ ಹಣ ಪಾವತಿಯಾಗದೆ ತೊಂದರೆಯಾಗಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದಲ್ಲಿ ಕೈಗೊಂಡ ಕ್ರಮಗಳೇನು?" ಉತ್ತರದ ಹಾಳೆಯಲ್ಲಿ ಎಡಗಡೆ ಪ್ರಶ್ನೆ, ಬಲಗಡೆ ಉತ್ತರ ಇರುತ್ತದೆ. ಬಲಗಡೆ ಏನು ಬರುತ್ತದೆ ಎಂಬುದನ್ನು ಮೊದಲೇ ಹೇಳಬಹುದು: "ಬಂದಿದೆ. ಬಾಕಿ ಪಾವತಿಸುವಂತೆ ಕಾರ್ಖಾನೆಗಳಿಗೆ ಸೂಚನೆ ನೀಡಲಾಗಿದೆ." ಅಲ್ಲಿಗೆ ಮುಗಿಯಿತು. ಇನ್ನು "ಗಮನಕ್ಕೆ ಬಂದಿಲ್ಲ" ಅಂದುಬಿಟ್ಟರೆ ಕೆಳಗಿನ ಎಲ್ಲ ಉಪಭಾಗಗಳಿಗೂ "ಉದ್ಭವಿಸುವುದಿಲ್ಲ" ಎಂಬ ಒಂದೇ ಪದ. ಹಾಗಾಗಿ 'ಗಮನಕ್ಕೆ ಬಂದಿದೆಯೇ' ಎಂದು ನಾನು ಶುರುಮಾಡುವುದೇ ಇಲ್ಲ. ಕಚೇರಿಯ ಯಾವುದಾದರೂ ರಿಜಿಸ್ಟರಿನಲ್ಲಿ ಈಗಾಗಲೇ ಬರೆದಿಟ್ಟಿರುವುದನ್ನು ಮಾತ್ರ ಕೇಳುತ್ತೇನೆ.

ಕಬ್ಬಿನ ಬಾಕಿಯ ಪ್ರಶ್ನೆ ಹೀಗಿರಲಿ: ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ಮಂಡ್ಯ ಜಿಲ್ಲೆಯ ಪ್ರತಿ ಕಾರ್ಖಾನೆ ನುರಿಸಿದ ಕಬ್ಬು ಎಷ್ಟು, ಸಕ್ಕರೆ ಇಳುವರಿ (ಕಬ್ಬಿನ ತೂಕದಲ್ಲಿ ಸಿಗುವ ಸಕ್ಕರೆಯ ಶೇಕಡಾ ಪಾಲು) ಎಷ್ಟು, ಪಾವತಿಸಬೇಕಾದ ಎಫ್‌ಆರ್‌ಪಿ (ಕಾರ್ಖಾನೆ ಕೊಡಲೇಬೇಕಾದ ಕನಿಷ್ಠ ಕಬ್ಬಿನ ಬೆಲೆ) ಎಷ್ಟು, ಅದರಲ್ಲಿ ಕಟಾವು ಮತ್ತು ಸಾಗಾಣಿಕೆಗೆ ಕಡಿತ ಎಷ್ಟು, ಪಾವತಿಸಿದ್ದು ಎಷ್ಟು, ಇಂಥ ದಿನಕ್ಕೆ ಇದ್ದಂತೆ ಬಾಕಿ ಎಷ್ಟು, 14 ದಿನ ಮೀರಿದ ಮೇಲೆ ಪಾವತಿಸಿದ ಮೊತ್ತ ಎಷ್ಟು, ಅದಕ್ಕೆ ಕೊಟ್ಟ ಬಡ್ಡಿ ಎಷ್ಟು, ಭೂಕಂದಾಯ ಬಾಕಿಯಂತೆ ವಸೂಲಿ ಮಾಡಲು ಜಿಲ್ಲಾಧಿಕಾರಿಗೆ ಪ್ರಮಾಣಪತ್ರ ಕಳಿಸಿದ ದಿನಾಂಕ ಮತ್ತು ವಸೂಲಾದ ಮೊತ್ತ ಎಷ್ಟು? ಎಲ್ಲವೂ ಕಾರ್ಖಾನೆವಾರು.

ಪ್ರತಿ ಪದಕ್ಕೂ ಕಾರಣವಿದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಹಣ ಸಲ್ಲಬೇಕು. ತಡವಾದರೆ ವರ್ಷಕ್ಕೆ ಶೇ 15ರಂತೆ ಬಡ್ಡಿ ಕೊಡಬೇಕು. ಕೊಡದಿದ್ದರೆ ಭೂಕಂದಾಯ ಬಾಕಿಯಂತೆ ವಸೂಲಿ ಮಾಡಬಹುದು. ಬೆಲೆ ಎಷ್ಟು ಎಂದು ನಿಗದಿ ಮಾಡುವುದು ಕೇಂದ್ರ ಸರ್ಕಾರ. ಹಾಗಾಗಿ 'ಎಫ್‌ಆರ್‌ಪಿ ಏಕೆ ಕಡಿಮೆ' ಎಂದು ರಾಜ್ಯದ ಸಕ್ಕರೆ ಸಚಿವರನ್ನು ಕೇಳಿದರೆ 'ಕೇಂದ್ರದ ವ್ಯಾಪ್ತಿಗೆ ಬರುತ್ತದೆ' ಎಂದು ಕೈತೊಳೆದುಕೊಳ್ಳುತ್ತಾರೆ. ಕೊಡಿಸುವ ಹೊಣೆ ಮಾತ್ರ ರಾಜ್ಯದ ಕಬ್ಬು ಅಭಿವೃದ್ಧಿ ಆಯುಕ್ತರ ಮೇಲಿದೆ. ಪ್ರಶ್ನೆ ಅಲ್ಲಿಗೇ ಹೋಗಿ ನಿಲ್ಲಬೇಕು.

ಇಳುವರಿ ಕೇಳುವುದು ಬೆಲೆ ಅದರ ಮೇಲೆ ನಿಂತಿರುವುದರಿಂದ. 2024-25ಕ್ಕೆ ಶೇ 10.25 ಇಳುವರಿಗೆ ಕ್ವಿಂಟಲ್‌ಗೆ 340 ರೂಪಾಯಿ ಇತ್ತು. ಇಳುವರಿ ಶೇ 0.1 ಏರಿದರೂ ಇಳಿದರೂ 3.32 ರೂಪಾಯಿ ವ್ಯತ್ಯಾಸ, ಶೇ 9.5 ಅಥವಾ ಅದಕ್ಕೂ ಕಡಿಮೆ ಇದ್ದರೆ 315.10ಕ್ಕಿಂತ ಕೆಳಗೆ ಇಳಿಯುವಂತಿರಲಿಲ್ಲ. ಈ ಬೆಲೆಯಲ್ಲಿ ಕಟಾವು ಮತ್ತು ಸಾಗಾಣಿಕೆ ವೆಚ್ಚ ಕಳೆದು ರೈತರಿಗೆ ಕೊಡುತ್ತಾರೆ. ಆ ಕಡಿತಕ್ಕೆ ಬೇರೆ ಕಾಲಂ ಕೇಳದಿದ್ದರೆ 'ಪೂರ್ತಿ ಎಫ್‌ಆರ್‌ಪಿ ಪಾವತಿಸಲಾಗಿದೆ' ಎಂಬ ಉತ್ತರದ ಒಳಗೆ ಏನೆಲ್ಲ ಅಡಗಿದೆ ಎಂದು ಯಾರಿಗೂ ತಿಳಿಯುವುದಿಲ್ಲ.

ಹಂಗಾಮಿನ ಬದಲು ದಿನಾಂಕ ಬರೆಯುವುದಕ್ಕೂ ಕಾರಣ ಇದೆ. ಸಕ್ಕರೆ ವರ್ಷದ ಲೆಕ್ಕ ಅಕ್ಟೋಬರ್ 1ರಿಂದ ಸೆಪ್ಟೆಂಬರ್ 30. ನಮ್ಮ ಭಾಗದ ಕಾರ್ಖಾನೆಗಳು ಜುಲೈ ಹೊತ್ತಿಗೇ ಅರೆಯಲು ಶುರುಮಾಡುತ್ತವೆ. ಬರೀ '2024-25' ಎಂದರೆ ಜುಲೈನಿಂದ ಸೆಪ್ಟೆಂಬರ್‌ವರೆಗಿನ ಕಬ್ಬು ಯಾವ ಲೆಕ್ಕದಲ್ಲಿ ಸೇರಿತು ಎಂದು ವಾದ ಹುಟ್ಟುತ್ತದೆ. ಹಾಗೆಯೇ ಬಾಕಿ 'ಇಂಥ ದಿನಕ್ಕೆ ಇದ್ದಂತೆ' ಎಂದು ಬರೆಯದಿದ್ದರೆ, ಪ್ರಶ್ನೆ ಪಟ್ಟಿಯಲ್ಲಿ ಬಂದ ವಾರ ಒಂದಷ್ಟು ಹಣ ಹಾಕಿ ಬಾಕಿ ಸಣ್ಣದು ಎಂದು ತೋರಿಸುತ್ತಾರೆ. ರೈತರಿಗೆ ಹಣ ಬಂದದ್ದು ಒಳ್ಳೆಯದೇ, ಅಷ್ಟಾದರೂ ಪ್ರಶ್ನೆ ಕೆಲಸ ಮಾಡಿದೆ. ಆದರೆ ಬಡ್ಡಿಯ ಲೆಕ್ಕ ಅಲ್ಲೇ ಮುಚ್ಚಿಹೋಗುತ್ತದೆ.

ಆ ಬಡ್ಡಿಯನ್ನು ಯಾರೂ ಕೇಳುವುದಿಲ್ಲ ಎಂಬುದೇ ನನ್ನ ಸಂಕಟ. ಕಡಿತವೆಲ್ಲ ಹೋಗಿ ಟನ್ನಿಗೆ 2,400 ರೂಪಾಯಿ ಸಲ್ಲಬೇಕು ಎಂದಿಟ್ಟುಕೊಳ್ಳಿ. 14 ದಿನದ ಗಡುವಿನ ಮೇಲೆ 60 ದಿನ ತಡವಾದರೆ ಟನ್ನಿಗೆ ಸುಮಾರು 59 ರೂಪಾಯಿ ಬಡ್ಡಿ. 100 ಟನ್ ಕೊಟ್ಟವರಿಗೆ 5,900 ರೂಪಾಯಿ. ಮುಂದಿನ ಕೂಳೆ ಬೆಳೆಗೆ (ಕಡಿದ ಬುಡದಿಂದ ಮತ್ತೆ ಚಿಗುರುವ ಕಬ್ಬು) ಗೊಬ್ಬರ ಹಾಕಬೇಕಾದ ಹೊತ್ತಿನಲ್ಲಿ ಅದು ಸಣ್ಣ ದುಡ್ಡಲ್ಲ.

ಉತ್ತರ ಸರಿಯೋ ತಪ್ಪೋ ಎಂದು ಅಳೆಯಲು ನಮ್ಮ ಬಳಿಯೂ ಕಾಗದ ಬೇಕು. ಬೇರೆ ಬೇರೆ ಹೋಬಳಿಯ ರೈತರಿಂದ ಕಾರ್ಖಾನೆಯ ತೂಕದ ಚೀಟಿ ಮತ್ತು ಪಾಸ್‌ಬುಕ್ಕಿನ ಪುಟ, ಎರಡರ ನಕಲನ್ನೂ ತರಿಸಿಕೊಳ್ಳುತ್ತೇನೆ. ಕಬ್ಬು ಇಳಿಸಿದ ದಿನ ಒಂದರಲ್ಲಿ, ಹಣ ಬಿದ್ದ ದಿನ ಇನ್ನೊಂದರಲ್ಲಿ. ಜೊತೆಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ. ಅದಕ್ಕೆ 30 ದಿನ ಬೇಕಾಗುವುದರಿಂದ ಅಧಿವೇಶನ ಘೋಷಣೆಯಾಗುವ ತನಕ ಕಾಯಬಾರದು. ವ್ಯಾಪ್ತಿಯನ್ನೂ ಚಿಕ್ಕದಾಗಿಡಿ. 'ಹತ್ತು ವರ್ಷದಲ್ಲಿ ರಾಜ್ಯದ ಎಲ್ಲ ಕಾರ್ಖಾನೆಗಳ' ಎಂದರೆ 'ಮಾಹಿತಿ ಕ್ರೋಢೀಕರಿಸಲಾಗುತ್ತಿದೆ' ಎಂದು ಬರೆಯಲು ನಾವೇ ದಾರಿ ಮಾಡಿಕೊಟ್ಟಂತೆ. ಒಂದು ಜಿಲ್ಲೆ, ಒಂದು ಅವಧಿ ಸಾಕು.

ನೀರಿನ ವಿಷಯದಲ್ಲಿ ಎಡವುವುದು ಬೇರೆ ಕಡೆ. ತಮಿಳುನಾಡಿಗೆ ಬಿಟ್ಟ ಕಾವೇರಿ ನೀರಿನ ಬಗ್ಗೆ ಕೇಳಿದರೆ ನ್ಯಾಯಾಲಯ, ಕಾವೇರಿ ಪ್ರಾಧಿಕಾರ ಎಂದು ತಪ್ಪಿಸಿಕೊಳ್ಳಬಹುದು. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೊನೇ ಭಾಗಕ್ಕೆ, ಮದ್ದೂರು-ಮಳವಳ್ಳಿ ಕಡೆಗೆ, ನೀರು ಏಕೆ ತಲುಪಲಿಲ್ಲ ಎಂಬುದು ಪೂರ್ತಿ ರಾಜ್ಯದ್ದೇ ಹೊಣೆ. ಕಟ್ಟು ಪದ್ಧತಿಯಲ್ಲಿ (ಕೆಲವು ದಿನ ಬಿಟ್ಟು, ಕೆಲವು ದಿನ ನಿಲ್ಲಿಸುವ ಕ್ರಮ) ನೀರು ಬಿಟ್ಟ ಪ್ರತಿ ಸರದಿಯಲ್ಲೂ ನಾಲೆಯ ಮೊದಲಲ್ಲಿ ಮತ್ತು ಪ್ರತಿ ಉಪನಾಲೆಯ ಕೊನೆಯಲ್ಲಿ ದಿನವಾರು ಎಷ್ಟು ಕ್ಯೂಸೆಕ್ (ಸೆಕೆಂಡಿಗೆ ಒಂದು ಘನ ಅಡಿ) ಹರಿಯಿತು ಎಂದು ಕೇಳಿ. ಉತ್ತರವನ್ನು ಟಿಎಂಸಿಯಲ್ಲಿ (ನೂರು ಕೋಟಿ ಘನ ಅಡಿ) ಕೊಟ್ಟರೆ ಗಾಬರಿಯಾಗಬೇಡಿ: ಒಂದು ದಿನವಿಡೀ 11,574 ಕ್ಯೂಸೆಕ್ ಹರಿದರೆ ಒಂದು ಟಿಎಂಸಿ. 1,000 ಕ್ಯೂಸೆಕ್‌ನಂತೆ 15 ದಿನ ಹರಿಸಿದರೆ ಸುಮಾರು 1.3 ಟಿಎಂಸಿ. ಬಿಟ್ಟಿದ್ದು ಎಷ್ಟು, ತಲುಪಿದ್ದು ಎಷ್ಟು ಎಂಬ ಎರಡು ಕಾಲಂ ಅಕ್ಕಪಕ್ಕ ಬಂದರೆ, ನೀರು ಹಂಚುವ ನೀರುಗಂಟಿಗಳ ಕೊರತೆ, ತೂಬಿನ ದುರಸ್ತಿ, ಆಧುನೀಕರಣ ಕಾಮಗಾರಿಯ ಬಿಲ್ಲು ಎಲ್ಲವೂ ಉಪಪ್ರಶ್ನೆಗೆ ಬರುತ್ತವೆ.

ಉತ್ತರದ ಪ್ರತಿ ಕೈಗೆ ಸಿಗುವುದು ಪ್ರಶ್ನೆ ಬರುವ ದಿನ ಬೆಳಿಗ್ಗೆ. ಮೊದಲು ಅನುಬಂಧ ತೆಗೆದು ನೋಡುತ್ತೇನೆ. ಖಾಲಿ ಕಾಲಂ, ಹೊಂದದ ಮೊತ್ತ ಸಿಗುವುದು ಅಲ್ಲೇ. ಶಾಸಕರ ಕೈಗೆ ಕೊಡುವುದು ಒಂದೇ ಹಾಳೆ, ದಪ್ಪ ಅಕ್ಷರದಲ್ಲಿ. ಮೊದಲ ಉಪಪ್ರಶ್ನೆಗೆ ಹೌದು ಅಥವಾ ಇಲ್ಲ ಮಾತ್ರ ಉತ್ತರವಾಗಬೇಕು: "ಮಾನ್ಯ ಸಭಾಧ್ಯಕ್ಷರೇ, ಬಡ್ಡಿ ಕಾಲಂನಲ್ಲಿ ಸೊನ್ನೆ ಇದೆ. ತಡವಾದ ಹಣಕ್ಕೆ ಬಡ್ಡಿ ಕೊಡಲೇಬೇಕು ಅಂತ ಸನ್ಮಾನ್ಯ ಸಚಿವರು ಒಪ್ತಾರಾ?" ಒಪ್ಪಿದ ಮೇಲೆ ಎರಡನೆಯದು: "ಯಾವ ತಾರೀಕಿನೊಳಗೆ ಕೊಡಿಸ್ತಾರೆ?" ಎರಡನ್ನೂ ಒಟ್ಟಿಗೆ ಕೇಳಿದರೆ ಸಚಿವರು ಸುಲಭದ್ದಕ್ಕೆ ಉತ್ತರಿಸಿ ಕೂತುಬಿಡುತ್ತಾರೆ. ಪೀಠಿಕೆ ಹಾಕಿ ಭಾಷಣ ಶುರುಮಾಡಿದರೆ ಸಭಾಧ್ಯಕ್ಷರು "ಪ್ರಶ್ನೆ ಕೇಳಿ" ಎನ್ನುತ್ತಾರೆ, ಸಮಯ ಅಲ್ಲೇ ಮುಗಿಯುತ್ತದೆ.

"ನಿಮ್ಮ ಸರ್ಕಾರ ಇದ್ದಾಗ ಏನ್ ಮಾಡಿದ್ರಿ?" ಎಂಬುದು ಬಂದೇ ಬರುತ್ತದೆ. ಆಗಿನ ಬಾಕಿಯ ಅಂಕಿಯನ್ನೂ ಹಾಳೆಯ ಕೆಳಗೆ ಬರೆದಿಟ್ಟಿರುತ್ತೇನೆ. "ಆಗಲೂ ಇಷ್ಟು ಬಾಕಿ ಇತ್ತು, ಈಗ ತಾರೀಕು ಹೇಳಿ" ಎಂದು ನೇರವಾಗಿ ಅಂದರೆ ಆ ಜಗಳ ಬೆಳೆಯುವುದಿಲ್ಲ. ಸಂಬಂಧಪಟ್ಟ ಸಚಿವರ ಬದಲು ಬೇರೊಬ್ಬರು ಉತ್ತರಿಸಲು ಎದ್ದರೆ, ಪ್ರಶ್ನೆಯನ್ನು ತಡೆಹಿಡಿದು ಬೇರೆ ದಿನ ತೆಗೆದುಕೊಳ್ಳಿ ಎಂದು ಕೋರುವುದೇ ಮೇಲು.

ಸಚಿವರು "ಪರಿಶೀಲಿಸಿ ಕ್ರಮ ಕೈಗೊಳ್ಳುತ್ತೇವೆ" ಎಂದರೆ ಅದು ದಾಖಲೆ. ಕಾರ್ಯಕಲಾಪದ ವರದಿಯಿಂದ ಆ ಸಾಲನ್ನು ತೆಗೆದು, ಸರ್ಕಾರಿ ಭರವಸೆಗಳ ಸಮಿತಿಗೆ ಶಾಸಕರ ಪತ್ರದೊಂದಿಗೆ ಕಳಿಸುತ್ತೇನೆ. ಉತ್ತರದ ಜೆರಾಕ್ಸ್ ಚೀಟಿ ಕೊಟ್ಟ ರೈತರಿಗೂ ಹೋಗುತ್ತದೆ. ಕಾರ್ಖಾನೆ ಮುಂದೆ ನಿಂತು ಬಡ್ಡಿ ಕೇಳಲು ಅವರಿಗೆ ಅದೇ ಆಧಾರ. ಮುಂದಿನ ಅಧಿವೇಶನದ ಮೊದಲ ಪ್ರಶ್ನೆಯ ಕರಡೂ ಅವತ್ತೇ ಸಿದ್ಧ: "ಹಿಂದಿನ ಅಧಿವೇಶನದ ಇಂಥ ಸಂಖ್ಯೆಯ ಪ್ರಶ್ನೆಗೆ ನೀಡಿದ ಉತ್ತರದಂತೆ ಈವರೆಗೆ ಪಾವತಿಸಿರುವ ಬಡ್ಡಿ ಮೊತ್ತ ಎಷ್ಟು? (ಕಾರ್ಖಾನೆವಾರು, ದಿನಾಂಕವಾರು ವಿವರ ನೀಡುವುದು)."