ಸಾಫ್ಟ್‌ಬಾಲ್ ಬ್ಯಾಟಿನ ಹಿಡಿಗೆ ಏನನ್ನು ಸೇರಿಸಬಹುದು? ಅಮೆರಿಕದಲ್ಲಿರುವ ಕನ್ನಡ ಪೋಷಕರಿಗೆ

ಅಮೆರಿಕದಲ್ಲಿ ನೆಲೆಸಿದ ನಮ್ಮವರ ಮನೆಯ ಹೆಣ್ಣುಮಕ್ಕಳು ಎಂಟು ಒಂಬತ್ತು ವಯಸ್ಸಿಗೆ ಸಾಫ್ಟ್‌ಬಾಲ್ ತಂಡ ಸೇರುವುದು ಈಗ ಸಾಮಾನ್ಯವಾಗಿದೆ. ಆಟದ ಉಳಿದ ಸಂಗತಿಗಳು ನಮಗೆ ಹೊಸದಾದರೂ, ಬ್ಯಾಟು ಮಾತ್ರ ಚಿಕ್ಕಂದಿನಿಂದ ಕೈಯಲ್ಲಿ ಹಿಡಿದ ವಸ್ತು ಎಂಬ ಭರವಸೆಯಿಂದ ಅದನ್ನು ಸರಿಪಡಿಸಿಕೊಡಲು ನಾವು ಮುಂದಾಗುತ್ತೇವೆ. ಊರಿನಲ್ಲಿ ಕ್ರಿಕೆಟ್ ಬ್ಯಾಟಿನ ಹಿಡಿಗೆ ಒಂದರ ಮೇಲೊಂದು ಎರಡು ಮೂರು ರಬ್ಬರ್ ಗ್ರಿಪ್ ಏರಿಸಿದವರು, ಗ್ರಿಪ್ ಕೊಳ್ಳಲು ದುಡ್ಡಿಲ್ಲದಾಗ ಸೈಕಲ್ಲಿನ ಹಳೆಯ ಟ್ಯೂಬ್ ಕತ್ತರಿಸಿ ಸುತ್ತಿದವರು ನಾವು. ಹಿಡಿ ಕೈಗೆ ಒಗ್ಗುವಂತೆ ಮಾಡಿಕೊಳ್ಳುವುದು ಆಟಗಾರರ ಹಕ್ಕು ಎಂಬ ಆ ಅಭ್ಯಾಸವೇ ಇಲ್ಲಿ ಮಕ್ಕಳನ್ನು ತೊಂದರೆಗೆ ಸಿಲುಕಿಸುತ್ತದೆ.

ನನ್ನ ಮಗಳಿಗೆ ಆದದ್ದು ಇದೇ. ಅವಳ ಅಂಗೈ ಚಿಕ್ಕದು. ಕೆಳಗಿನ ಕೈ ಹಿಡಿಯ ತುದಿಯ ಗುಬುಟಿಗೆ, ಅಂದರೆ ಇಲ್ಲಿಯವರು ನಾಬ್ ಎನ್ನುವ ಭಾಗಕ್ಕೆ, ಒತ್ತಿ ಒತ್ತಿ ಕಿರುಬೆರಳ ಬುಡದಲ್ಲಿ ಬೊಕ್ಕೆ ಎದ್ದಿತ್ತು. ಆನ್‌ಲೈನ್ ಅಂಗಡಿಯಿಂದ ಶಂಕುವಿನ ಆಕಾರದ ರಬ್ಬರ್ ತುಂಡೊಂದನ್ನು ತರಿಸಿ, ಗ್ರಿಪ್ ಬಿಚ್ಚಿ, ನಾಬಿನ ಮೇಲಕ್ಕೆ ಕೂರಿಸಿ, ಮತ್ತೆ ಟೇಪು ಸುತ್ತಿದೆ. ಶನಿವಾರ ಬೆಳಿಗ್ಗೆ ಆಟಕ್ಕೆ ಮುನ್ನ ಬ್ಯಾಟುಗಳನ್ನು ಪರೀಕ್ಷಿಸುತ್ತಿದ್ದ ಅಂಪೈರ್ ಅದರ ಹಿಡಿಯ ಮೇಲೆ ಹೆಬ್ಬೆರಳನ್ನು ಒಮ್ಮೆ ಜಾರಿಸಿ ನೋಡಿ, ಏನೂ ಹೇಳದೆ ಬೇಲಿಯ ಆಚೆ ಒರಗಿಸಿಟ್ಟರು. ಮಗಳು ಅಂದು ಗೆಳತಿಯ ಬ್ಯಾಟಿನಲ್ಲಿ ಆಡಿದಳು. ಅಂಪೈರ್ ಮಾಡಿದ್ದು ಸರಿಯೇ ಆಗಿತ್ತು, ಮತ್ತು ಅವರು ಅದನ್ನು ಆಟಕ್ಕೆ ಮುಂಚೆಯೇ ಮಾಡಿದ್ದು ನಮ್ಮ ಪುಣ್ಯ ಎಂಬುದು ನಿಯಮಪುಸ್ತಕವನ್ನು ಓದಿದ ಮೇಲೆ ನನಗೆ ತಿಳಿಯಿತು.

ಮೊದಲು ತಿಳಿಯಬೇಕಾದದ್ದು, ಇಡೀ ದೇಶಕ್ಕೆ ಒಂದೇ ನಿಯಮಪುಸ್ತಕವಿಲ್ಲ ಎಂಬುದು. ಒಕ್ಲಹೋಮ ಸಿಟಿಯಲ್ಲಿ ಕೇಂದ್ರವಿರುವ ಯುಎಸ್‌ಎ ಸಾಫ್ಟ್‌ಬಾಲ್ ಈ ಆಟದ ರಾಷ್ಟ್ರೀಯ ಸಂಸ್ಥೆ. 1933ರಲ್ಲಿ ಆರಂಭವಾದ ಇದಕ್ಕೆ 2017ರವರೆಗೆ ಎಎಸ್‌ಎ (ಅಮೆಚೂರ್ ಸಾಫ್ಟ್‌ಬಾಲ್ ಅಸೋಸಿಯೇಷನ್) ಎಂಬ ಹೆಸರಿತ್ತು, ಆದ್ದರಿಂದ ಹಳೆಯ ಬ್ಯಾಟುಗಳ ಮೇಲೆ ಆ ಅಕ್ಷರಗಳೇ ಕಾಣುತ್ತವೆ. ಹೈಸ್ಕೂಲಿನ ಆಟಕ್ಕೆ ಎನ್‌ಎಫ್‌ಎಚ್‌ಎಸ್, ಕಾಲೇಜಿಗೆ ಎನ್‌ಸಿಎಎ ಎಂಬ ಸಂಸ್ಥೆಗಳು ಬೇರೆ ಬೇರೆ ಪುಸ್ತಕಗಳನ್ನು ಹೊರಡಿಸುತ್ತವೆ. ಲಿಟಲ್ ಲೀಗ್ ಮತ್ತು ಯುಎಸ್‌ಎಸ್‌ಎಸ್‌ಎ ಸಂಸ್ಥೆಗಳಿಗೂ ತಮ್ಮವೇ ನಿಯಮಗಳಿವೆ. ನಿಮ್ಮ ಊರಿನ ಲೀಗ್ ಯಾವ ಪುಸ್ತಕದ ಪ್ರಕಾರ ಆಡುತ್ತದೆ ಎಂಬುದನ್ನು ಕೋಚ್ ಅವರನ್ನು ಕೇಳಿ ತಿಳಿದುಕೊಳ್ಳದೆ ಬ್ಯಾಟಿಗೆ ಏನನ್ನೂ ಕೊಳ್ಳಬೇಡಿ. ಇಲ್ಲಿ ನಾನು ಹೇಳುವುದು ಮುಖ್ಯವಾಗಿ ಯುಎಸ್‌ಎ ಸಾಫ್ಟ್‌ಬಾಲ್ ನಿಯಮಗಳನ್ನು ಆಧರಿಸಿದೆ.

ಈ ನಿಯಮದಂತೆ ಬ್ಯಾಟು 34 ಅಂಗುಲಕ್ಕಿಂತ ಉದ್ದ, 38 ಔನ್ಸಿಗಿಂತ ಭಾರ, ಅತಿ ದಪ್ಪವಿರುವಲ್ಲಿ 2.25 ಅಂಗುಲಕ್ಕಿಂತ ಹೆಚ್ಚು ವ್ಯಾಸ ಇರಬಾರದು. ಗ್ರಿಪ್ ಹಿಡಿಯ ತುದಿಯಿಂದ 15 ಅಂಗುಲ ದಾಟಬಾರದು. ನಾಬ್ ಹಿಡಿಯಿಂದ ಲಂಬಕೋನದಲ್ಲಿ ಕನಿಷ್ಠ ಕಾಲು ಅಂಗುಲ ಹೊರಚಾಚಿರಬೇಕು. ನಮ್ಮ ಪ್ರಶ್ನೆಗೆ ಉತ್ತರ ಇರುವುದು ಈ ಕಾಲು ಅಂಗುಲದಲ್ಲೇ. ಬೀಸಿದ ರಭಸಕ್ಕೆ, ಬೆವರಿದ ಕೈಯಿಂದ ಬ್ಯಾಟು ಜಾರಿ ಹೊರಟರೆ ಅದನ್ನು ತಡೆಯುವುದು ನಾಬಿನ ಆ ನೇರ ಅಂಚು ಮಾತ್ರ. ಅದು ಇಲ್ಲವಾದರೆ ಬ್ಯಾಟು ಎದುರಿನಿಂದ ಚೆಂಡೆಸೆಯುವ ಹುಡುಗಿಯ, ಅಂದರೆ ಪಿಚರ್‌ಳ ಕಡೆಗೋ, ಸರದಿಗಾಗಿ ಕಾಯುತ್ತ ನಿಂತ ಮಕ್ಕಳ ಕಡೆಗೋ ಹಾರಿಹೋಗಬಹುದು. ನಾನು ಕೂರಿಸಿದ ಶಂಕುವಿನಾಕಾರದ ರಬ್ಬರ್ ಹಿಡಿಗೂ ನಾಬಿಗೂ ನಡುವಿನ ಆ ಮೂಲೆಯನ್ನು ತುಂಬಿ, ಅಂಚನ್ನು ಇಳಿಜಾರಾಗಿಸಿತ್ತು. ಬೊಕ್ಕೆ ತಪ್ಪಿಸಲು ಹೊರಟ ನಾನು ಮಗಳ ಕೈಯ ತಡೆಯನ್ನೇ ತೆಗೆದುಹಾಕಿದ್ದೆ.

ಇಂಥ ಶಂಕುವಿನ ಅಥವಾ ಕಹಳೆಯ ಬಾಯಿಯಂತೆ ಅಗಲವಾಗುವ ಗ್ರಿಪ್ಪನ್ನು ಬ್ಯಾಟಿಗೆ ಸೇರಿಸಿದರೆ ಅದನ್ನು ಮಾರ್ಪಡಿಸಿದ ಬ್ಯಾಟ್ ಎಂದು ಪರಿಗಣಿಸಲಾಗುತ್ತದೆ ಎಂದು ಯುಎಸ್‌ಎ ಸಾಫ್ಟ್‌ಬಾಲ್ ನಿಯಮ ಹೆಸರಿಸಿಯೇ ಹೇಳುತ್ತದೆ. ಹಿಡಿಗೆ ಎರಡು ಪದರಕ್ಕಿಂತ ಹೆಚ್ಚು ಟೇಪು ಸುತ್ತುವುದು, ಬ್ಯಾಟಿನ ಒಳಗೆ ಏನನ್ನಾದರೂ ತುಂಬುವುದು, ಲೋಹದ ಬ್ಯಾಟಿಗೆ ಮರದ ಹಿಡಿ ಹಾಕುವುದು ಇವೂ ಅದೇ ಸಾಲಿಗೆ ಸೇರುತ್ತವೆ. ಟೇಪಿನ ಮಾತನ್ನು ನಮ್ಮವರು ವಿಶೇಷವಾಗಿ ಗಮನಿಸಬೇಕು, ಏಕೆಂದರೆ ಅಂಗಡಿಯಿಂದ ಯಾವುದೇ ಪರಿಕರ ತರದೆ, ಬರೀ ಟೇಪಿನಿಂದಲೇ ಹಿಡಿಯ ಬುಡವನ್ನು ದಪ್ಪ ಮಾಡುವುದು ನಮಗೆ ಸಲೀಸು. ಇದಕ್ಕೆ ಬದಲಾಗಿ, ಸವೆದ ಗ್ರಿಪ್ ತೆಗೆದು ನಿಯಮಕ್ಕೆ ಒಪ್ಪುವ ಇನ್ನೊಂದು ಗ್ರಿಪ್ ಹಾಕುವುದಕ್ಕೆ ಅಡ್ಡಿಯಿಲ್ಲ, ಅದು ಮಾರ್ಪಾಡಲ್ಲ. ಲೋಹದ ಬ್ಯಾಟಿನ ಗುರುತಿಗೆ ಹೆಸರು ಕೆತ್ತಿಸುವುದಾದರೆ ನಾಬಿನ ತುದಿಯಲ್ಲಿ ಕೆತ್ತಿಸಿ. ಚೆಂಡು ಬಡಿಯುವ ತುದಿಯಲ್ಲಿ ಕೆತ್ತಿಸಿದರೆ ಅದೂ ಮಾರ್ಪಡಿಸಿದ ಬ್ಯಾಟೇ ಆಗುತ್ತದೆ.

ಒಂದೇ ಮನೆಯಲ್ಲಿ ಅಣ್ಣ ಬೇಸ್‌ಬಾಲ್, ತಂಗಿ ಸಾಫ್ಟ್‌ಬಾಲ್ ಆಡುತ್ತಿದ್ದರೆ ಗೊಂದಲ ಇನ್ನೂ ಹೆಚ್ಚು. ಎನ್‌ಎಫ್‌ಎಚ್‌ಎಸ್‌ನ ಹೈಸ್ಕೂಲ್ ಬೇಸ್‌ಬಾಲ್ ನಿಯಮ, ನಾಬನ್ನು ಹಿಡಿಯ ಮಟ್ಟಕ್ಕೆ ಸಮವಾಗಿಸುವಂಥವನ್ನು ಬಿಟ್ಟು ಉಳಿದ ಪರಿಕರಗಳಿಗೂ ಸುತ್ತುವಿಕೆಗೂ ಅವಕಾಶ ಕೊಡುತ್ತದೆ. ಅಣ್ಣನ ಬ್ಯಾಟಿನಲ್ಲಿ ಒಪ್ಪಿಗೆಯಾದ ತುಂಡನ್ನು ತಂಗಿಯ ಬ್ಯಾಟಿಗೆ ವರ್ಗಾಯಿಸುವುದು ಆದ್ದರಿಂದಲೇ ಅಪಾಯ. ಮಾರಾಟದ ಪೊಟ್ಟಣದ ಮೇಲಿನ "ಆಟಕ್ಕೆ ಒಪ್ಪಿಗೆಯಿದೆ" ಎಂಬರ್ಥದ ಮಾತನ್ನೂ ಹಾಗೆಯೇ ನಂಬಬಾರದು. ಯಾವ ಆಟಕ್ಕೆ, ಯಾವ ಸಂಸ್ಥೆಯಿಂದ ಎಂದು ಅದರಲ್ಲಿ ಬರೆದಿರಲೇಬೇಕೆಂದೇನೂ ಇಲ್ಲ.

ತನ್ನ ಸರದಿಗೆ ಮುನ್ನ ಆಟಗಾರ್ತಿ ನಿಂತು ಬ್ಯಾಟು ಬೀಸುವ ಆನ್‌-ಡೆಕ್ ವೃತ್ತದಲ್ಲಿ ನಿಯಮ ಸ್ವಲ್ಪ ಬೇರೆ. ಅಲ್ಲಿ ಎರಡಕ್ಕಿಂತ ಹೆಚ್ಚು ಬ್ಯಾಟು ಹಿಡಿಯುವಂತಿಲ್ಲ, ಬ್ಯಾಟಿಗೆ ತೂಕದ ಬಳೆಯಂಥ ಕಳಚಬಹುದಾದ ವಸ್ತುವನ್ನು ಹಾಕುವುದಾದರೆ ಅದು ಸಂಸ್ಥೆ ಒಪ್ಪಿದ ವಸ್ತುವೇ ಆಗಿರಬೇಕು. ಬೀಸುವ ವೇಗ ಅಳೆಯಲು ನಾಬಿಗೆ ಅಂಟಿಸುವ ಸೆನ್ಸರನ್ನು ಅಭ್ಯಾಸಕ್ಕೆ ಮೀಸಲಿಟ್ಟು, ಪಂದ್ಯದ ದಿನ ತೆಗೆದಿಡುವುದು ನನ್ನ ಸಲಹೆ. ಕೈಗೆ ನೋವಾಗುವ ಮಕ್ಕಳಿಗೆ ಬ್ಯಾಟಿನ ಬದಲು ಕೈಯ ಕಡೆ ಗಮನ ಕೊಡುವುದೂ ಒಂದು ದಾರಿ: ಅಳತೆಗೆ ಸರಿಯಾದ ಬ್ಯಾಟಿಂಗ್ ಗ್ಲೌಸ್, ಮತ್ತು ಹಿಡಿ ತೆಳ್ಳಗಿರುವ, ತೂಕ ಕಡಿಮೆಯಿರುವ ಬ್ಯಾಟು. ನನ್ನ ಮಗಳ ಬೊಕ್ಕೆ ವಾಸಿಯಾದದ್ದು ಹೀಗೆಯೇ.

ಪರೀಕ್ಷೆಯ ವೇಳೆ ಸಿಕ್ಕಿದ ಬ್ಯಾಟನ್ನು ಅಂಪೈರ್ ಪಕ್ಕಕ್ಕಿಡುತ್ತಾರೆ, ವಿಷಯ ಅಲ್ಲಿಗೆ ಮುಗಿಯುತ್ತದೆ. ಅದೇ ಬ್ಯಾಟು ಹಿಡಿದು ಮಗು ಚೆಂಡು ಹೊಡೆಯಲು ನಿಲ್ಲುವ ಬ್ಯಾಟರ್ಸ್ ಬಾಕ್ಸಿಗೆ ಕಾಲಿಟ್ಟ ಮೇಲೆ ಗೊತ್ತಾದರೆ ಕಥೆ ಬೇರೆ. ಅಳತೆಯ ಅಥವಾ ಸಂಸ್ಥೆಯ ಒಪ್ಪಿಗೆ ಮುದ್ರೆಯ ದೋಷವಿರುವ ನಿಯಮಬಾಹಿರ ಬ್ಯಾಟಿಗೆ ಬ್ಯಾಟರ್ ಔಟ್. ಮಾರ್ಪಡಿಸಿದ ಬ್ಯಾಟಿಗೆ ಔಟ್ ಆಗುವುದರ ಜೊತೆಗೆ ಆಟದಿಂದಲೇ ಹೊರಹಾಕುತ್ತಾರೆ. ಶಂಕುವಿನ ಗ್ರಿಪ್ ಈ ಎರಡನೆಯ ಗುಂಪಿಗೆ ಸೇರಿರುವುದನ್ನು ಓದಿದಾಗ ನನಗೆ ನಿಜಕ್ಕೂ ಎದೆ ಝಲ್ಲೆಂದಿತು. ತಪ್ಪು ಅಪ್ಪನದು, ಎಲ್ಲರ ಮುಂದೆ ಮೈದಾನ ಬಿಟ್ಟು ನಡೆಯಬೇಕಾದವಳು ಹತ್ತು ವರ್ಷದ ಹುಡುಗಿ.

ಆದ್ದರಿಂದ ಪಂದ್ಯದ ಹಿಂದಿನ ರಾತ್ರಿಯೇ ಬ್ಯಾಟನ್ನು ಮೇಜಿನ ಮೇಲಿಟ್ಟು ನೋಡಿ. ಯುಎಸ್‌ಎ ಸಾಫ್ಟ್‌ಬಾಲ್‌ನ ಅಥವಾ ಹಳೆಯ ಎಎಸ್‌ಎ ಮುದ್ರೆ ಅಳಿಸದೆ ಇದೆಯೇ, ಸಂಸ್ಥೆಯ ಜಾಲತಾಣದ ಪಟ್ಟಿಯಲ್ಲಿ ಆ ಮಾದರಿಗೆ ಈಗಲೂ ಒಪ್ಪಿಗೆಯಿದೆಯೇ, ಬ್ಯಾಟು ಅಲ್ಲಾಡಿಸಿದರೆ ಒಳಗೇನಾದರೂ ಸದ್ದು ಮಾಡುತ್ತದೆಯೇ ಎಂದು ಗಮನಿಸಿ. ಬಳಿಕ ಹೆಬ್ಬೆರಳನ್ನು ಹಿಡಿಯ ಉದ್ದಕ್ಕೂ ನಾಬಿನ ಕಡೆಗೆ ಜಾರಿಸಿ. ಬೆರಳು ಗೋಡೆಗೆ ತಗುಲಿದಂತೆ ಥಟ್ಟನೆ ನಿಂತರೆ ಸರಿ. ಇಳಿಜಾರು ಹತ್ತಿದಂತೆ ಮೇಲೇರಿದರೆ ಟೇಪು ಬಿಚ್ಚಿ, ಒಳಗಿರುವುದನ್ನು ತೆಗೆದು, ಒಂದೇ ಹೊಸ ಗ್ರಿಪ್ ಸುತ್ತಿ.